ಎರಡನೆಯದು ಯಾವುದು ಎಂದು ಯಾರೂ ಕೇಳಲಿಲ್ಲ

ಕಾಸರಗೋಡು ಜಿಲ್ಲೆಯ ಒಂದು ಹಳ್ಳಿಯ ವಾಚನಾಲಯದಲ್ಲಿ ಆಡಿದ ಮಾತಿನ ಬರಹ ರೂಪ

ಒಳಗೆ ಬರುವಾಗ ಬಾಗಿಲಲ್ಲಿ ನಿಮ್ಮ ಕೈಗೆ ಒಂದೊಂದು ಚೀಟಿ ಕೊಟ್ಟಿದ್ದೆವು. ಈ ವರ್ಷದ ವಾರ್ಷಿಕೋತ್ಸವಕ್ಕೆ ಏನು ಇಡಬೇಕು ಎಂಬ ಪ್ರಶ್ನೆ. ಚೀಟಿಯಲ್ಲಿ ಮೂರೇ ಹೆಸರು: ಬಯಲಾಟ, ನಾಟಕ, ತಾಳಮದ್ದಳೆ. ತುಂಬಾ ಇಷ್ಟವಾದದ್ದರ ಎದುರು 1 ಬರೆಯಿರಿ, ಅದು ಆಗದಿದ್ದರೆ ಯಾವುದಾಗಬಹುದೋ ಅದಕ್ಕೆ 2, ಉಳಿದದ್ದಕ್ಕೆ 3 ಎಂದು ಹೇಳಿದ್ದೆವು. ನೀವೆಲ್ಲ ಬರೆದು ಡಬ್ಬಿಗೆ ಹಾಕಿದಿರಿ. ಚಾ ಕುಡಿಯುವ ಹೊತ್ತಿಗೆ ಹೈಸ್ಕೂಲಿನ ಇಬ್ಬರು ಮಕ್ಕಳು ಎಣಿಸಿ ಕೊಟ್ಟಿದ್ದಾರೆ. ಈ ಹೊತ್ತಿನ ನನ್ನ ಮಾತೆಲ್ಲ ಆ ಚೀಟಿಗಳ ಮೇಲೆಯೇ.

ಒಟ್ಟು ಬಂದದ್ದು 47. ಎರಡನ್ನು ಬದಿಗಿಡಬೇಕಾಯಿತು. ಒಂದರಲ್ಲಿ ಅಂಕಿ ಇಲ್ಲ, ಸರಿ ಗುರುತು ಮಾತ್ರ ಇದೆ. ಇನ್ನೊಂದರಲ್ಲಿ ಎರಡು ಕಡೆ 1 ಅಂತ ಇದೆ. ಅವರಿಗೆ ಎರಡೂ ಅಷ್ಟೇ ಇಷ್ಟ ಇರಬಹುದು, ಆದರೆ ಎಣಿಸುವವರಿಗೆ ದಾರಿಯಿಲ್ಲ. ಮತ್ತೊಂದು ಚೀಟಿ ಇದೆ ನೋಡಿ, ಪೆನ್ಸಿಲಿನಲ್ಲಿ ಬರೆದದ್ದು. ೧, ೨, ೩ ಎಂದು ಕನ್ನಡದ ಅಂಕಿಯಲ್ಲಿ, ಕೋಪಿ ಪುಸ್ತಕದಲ್ಲಿ ತಿದ್ದಿದ ಹಾಗೆ ದುಂಡಗೆ. ಇದನ್ನೂ ಸೇರಿಸಬಹುದಾ ಎಂದು ಮಕ್ಕಳು ಕೇಳಿದರು. ಧಾರಾಳವಾಗಿ ಸೇರಿಸಬಹುದು. ರಾಷ್ಟ್ರಪತಿ ಚುನಾವಣೆಯಲ್ಲೇ ಭಾರತೀಯ ಭಾಷೆಗಳ ಅಂಕಿಯಲ್ಲಿ ಬರೆದ ಮತ ನಡೆಯುತ್ತದೆ. "ಒಂದು", "ಎರಡು" ಎಂದು ಅಕ್ಷರದಲ್ಲಿ ಬರೆದರೆ ಮಾತ್ರ ನಡೆಯುವುದಿಲ್ಲ. ಹಾಗಾಗಿ ನಮ್ಮ ಲೆಕ್ಕಕ್ಕೆ 45 ಚೀಟಿ.

ಆ ಲೆಕ್ಕಕ್ಕೆ ಹೋಗುವ ಮೊದಲು ನಮ್ಮ ಮಂಜೇಶ್ವರದ ಒಂದು ಮಾತು.

2016ರ ವಿಧಾನಸಭಾ ಚುನಾವಣೆ ನಿಮಗೆಲ್ಲ ನೆನಪಿರಬೇಕು. ಪಕ್ಷದ ಹೆಸರು ನಾನು ಎತ್ತುವುದಿಲ್ಲ, ಅದರ ಅಗತ್ಯವೂ ಇಲ್ಲ. ಗೆದ್ದವರಿಗೆ 56,870 ಮತ. ಎರಡನೆಯವರಿಗೆ 56,781. ಅಂತರ 89. ಆ 89 ಎಂಬ ಅಂಕಿ ಎಷ್ಟೋ ದಿನ ನಮ್ಮ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಓಡಾಡಿತು. 2021ರಲ್ಲಿ ಮತ್ತೆ ಹಾಗೇ ಆಯಿತು, ಅಂತರ 745. ಎಲ್ಲರೂ ಅಂತರದ ಬಗ್ಗೆ ಮಾತಾಡಿದರು. ನನಗೆ ನಿದ್ದೆ ಕೆಡಿಸಿದ್ದು ಬೇರೆಯೇ ಅಂಕಿ. 2016ರಲ್ಲಿ ಮೂರನೆಯ ಅಭ್ಯರ್ಥಿಗೆ ಬಿದ್ದ ಮತ 42,565. ಇಷ್ಟು ಜನ ಬಿಸಿಲಲ್ಲಿ ಸಾಲು ನಿಂತು ಮತ ಹಾಕಿದ್ದಾರೆ. ಉಳಿದ ಇಬ್ಬರಲ್ಲಿ ನಿಮಗೆ ಯಾರು ಆಗಬಹುದು ಎಂದು ಅವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಗೆದ್ದವರೇ ಇನ್ನೂ ದೊಡ್ಡ ಅಂತರದಲ್ಲಿ ಗೆಲ್ಲುತ್ತಿದ್ದರೋ, ಫಲಿತಾಂಶ ತಿರುಗುತ್ತಿತ್ತೋ, ಅದನ್ನು ಹೇಳಲು ನಾನು ಹೊರಟಿಲ್ಲ. ಕೇಳದೆ ಹೇಳುವುದಾದರೂ ಹೇಗೆ? 89 ಜನರ ಮೇಲೆ ನಿಂತ ತೀರ್ಮಾನದಲ್ಲಿ 42 ಸಾವಿರ ಜನರ ಅರ್ಧ ಮಾತು ಬಾಯಲ್ಲೇ ಉಳಿಯಿತು. ನನ್ನ ಸಂಕಟ ಇದು.

ಇದರ ರುಚಿ ನಾನು ಸಣ್ಣ ಮಟ್ಟದಲ್ಲೂ ಕಂಡಿದ್ದೇನೆ. ಪ್ರಾಯದಲ್ಲಿ ನಾನೊಂದು ಯುವಕ ಮಂಡಲದ ಸದಸ್ಯ. ಯಾವುದು ಎಂದು ಬೇಡ. ಕಾರ್ಯದರ್ಶಿ ಸ್ಥಾನಕ್ಕೆ ಮೂವರು ನಿಂತರು. ಇಬ್ಬರು ಜೀವದ ಗೆಳೆಯರು, ಇಬ್ಬರದ್ದೂ ಒಂದೇ ಹಠ: ಮಂಡಲದ ದುಡ್ಡಿನಲ್ಲಿ ಮೊದಲು ಪುಸ್ತಕ, ಆಮೇಲೆ ಉಳಿದದ್ದು. ಮೂರನೆಯವರಿಗೆ ಪುಸ್ತಕ ಬೇಡ, ಟಿವಿ ಬೇಕು. 56 ಮತದಲ್ಲಿ ಗೆಳೆಯರಿಗೆ 18 ಮತ್ತು 17, ಮೂರನೆಯವರಿಗೆ 21. ಪುಸ್ತಕ ಬೇಕು ಎಂದವರು 35 ಜನ, ಬಂದದ್ದು ಟಿವಿ. ನನಗೆ ಟಿವಿ ಬಂದದ್ದಕ್ಕೆ ಬೇಸರ ಇಲ್ಲ. ಆ ಗೆಳೆಯರಿಬ್ಬರು "ನೀನು ನಿಲ್ಲದಿದ್ದರೆ ನಾನು ಗೆಲ್ಲುತ್ತಿದ್ದೆ" ಎಂದು ವರ್ಷಗಟ್ಟಲೆ ಮಾತು ಬಿಟ್ಟರು. ಅದು ಬೇಸರ. ತಪ್ಪು ಅವರಿಬ್ಬರದ್ದೂ ಅಲ್ಲ. ತಪ್ಪು ಎಣಿಸಿದ ಕ್ರಮದ್ದು.

ಈಗ ನಮ್ಮ ಚೀಟಿಗಳು. ಹಲಗೆ ನೋಡಿ.

ಬಯಲಾಟಕ್ಕೆ 1 ಕೊಟ್ಟವರು 18. ಅವರಲ್ಲಿ 16 ಜನ ಎರಡನೆಯದಾಗಿ ತಾಳಮದ್ದಳೆ ಬರೆದಿದ್ದಾರೆ, 2 ಜನ ನಾಟಕ. ನಾಟಕಕ್ಕೆ 1 ಕೊಟ್ಟವರು 15. ಅವರಲ್ಲಿ 13 ಜನರ ಎರಡನೆಯದು ತಾಳಮದ್ದಳೆ, 2 ಜನರದ್ದು ಬಯಲಾಟ. ತಾಳಮದ್ದಳೆಗೆ 1 ಕೊಟ್ಟವರು 12. ಅವರಲ್ಲಿ 8 ಜನ ಎರಡನೆಯದಾಗಿ ನಾಟಕ ಎಂದಿದ್ದಾರೆ, 4 ಜನ ಬಯಲಾಟ.

ಇದರ ಹಿಂದಿನ ಮನಸ್ಸನ್ನು ಊಹಿಸುವುದು ಕಷ್ಟವಲ್ಲ, ಅಲ್ವಾ? ಆಟದ ಹುಚ್ಚಿನವರಿಗೆ ವೇಷ ಇಲ್ಲದಿದ್ದರೂ ಪರವಾಗಿಲ್ಲ, ಭಾಗವತರ ಪದ, ಚೆಂಡೆ, ಅರ್ಥ ಇದ್ದರೆ ಸಾಕು. ಹಾಗಾಗಿ ಎರಡನೆಯದು ತಾಳಮದ್ದಳೆ. ನಾಟಕದವರಿಗೆ ಬೆಳಗಿನ ತನಕ ಕೂರಲು ಆಗುವುದಿಲ್ಲ. ತಾಳಮದ್ದಳೆಯಾದರೆ ರಾತ್ರಿ ಹತ್ತಕ್ಕೆ ಮುಗಿಸಬಹುದು, ರಂಗಸ್ಥಳ ಕಟ್ಟುವ ಖರ್ಚೂ ಇಲ್ಲ.

ಮೊದಲ ಕ್ರಮ ನಮಗೆಲ್ಲ ಅಭ್ಯಾಸವಾದದ್ದು. 1 ಅನ್ನು ಮಾತ್ರ ನೋಡು, ಯಾರಿಗೆ ಜಾಸ್ತಿಯೋ ಅವರು ಗೆದ್ದರು. ಬಯಲಾಟ 18, ನಾಟಕ 15, ತಾಳಮದ್ದಳೆ 12. ಬಯಲಾಟ ಗೆದ್ದಿತು. ಪಂಚಾಯತಿನಿಂದ ಲೋಕಸಭೆಯ ತನಕ ನಾವು ಮತ ಹಾಕುವುದು ಹೀಗೆ. 45ರಲ್ಲಿ 27 ಜನ ಬಯಲಾಟಕ್ಕೆ 1 ಕೊಟ್ಟಿಲ್ಲ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಎರಡನೆಯ ಕ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಬಾರದೆ ಯಾರೂ ಗೆಲ್ಲುವ ಹಾಗಿಲ್ಲ. 45ಕ್ಕೆ 23 ಬೇಕು. ಯಾರಿಗೂ ಇಲ್ಲ. ಹಾಗಾದರೆ ಎಲ್ಲರಿಗಿಂತ ಕಡಿಮೆ ಬಂದದ್ದನ್ನು ಹೊರಗಿಡಿ. ತಾಳಮದ್ದಳೆ ಹೋಯಿತು. ಆದರೆ ಅದಕ್ಕೆ ಮತ ಹಾಕಿದ 12 ಜನ ಹೋಗುವುದಿಲ್ಲ. ಅವರ ಚೀಟಿ ಎತ್ತಿ 2 ಎಲ್ಲಿದೆ ನೋಡಿ. 8 ನಾಟಕದ ರಾಶಿಗೆ, 4 ಬಯಲಾಟದ ರಾಶಿಗೆ. ಬಯಲಾಟ 22, ನಾಟಕ 23. ನಾಟಕ ಗೆದ್ದಿತು, ಒಂದೇ ಮತದಲ್ಲಿ! ಚೀಟಿ ಅದೇ, ಬರೆದವರೂ ನೀವೇ.

ಇದು ಯಾವುದೋ ದೂರದ ದೇಶದ ಪ್ರಯೋಗ ಅಂದುಕೊಳ್ಳಬೇಡಿ. ನಮ್ಮ ರಾಷ್ಟ್ರಪತಿಯನ್ನು ಆರಿಸುವುದು ಹೀಗೆಯೇ. ಗಡಿಯ ಆಚೆ ದಕ್ಷಿಣ ಕನ್ನಡದಲ್ಲಿ ನಿಮ್ಮ ನೆಂಟರು ಪದವೀಧರರೋ ಶಿಕ್ಷಕರೋ ಆಗಿದ್ದರೆ, ಅವರನ್ನು ಕೇಳಿ ನೋಡಿ. ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಕ್ಷೇತ್ರ, ನೈಋತ್ಯ ಶಿಕ್ಷಕರ ಕ್ಷೇತ್ರಕ್ಕೆ ಅವರು 1, 2, 3 ಎಂದೇ ಬರೆಯುವುದು. ಅಲ್ಲಿನ ಪತ್ರಿಕೆಗಳಲ್ಲಿ "ಮೊದಲ ಪ್ರಾಶಸ್ತ್ಯ ಮತ", "ಎರಡನೇ ಪ್ರಾಶಸ್ತ್ಯ ಮತ" ಎಂದು ಓದಿರುತ್ತೀರಿ. ಕೇರಳದಲ್ಲಿ ವಿಧಾನ ಪರಿಷತ್ತು ಇಲ್ಲ. ಹಾಗಾಗಿ ಅದೇ ಓದು, ಅದೇ ಕೆಲಸ ಇದ್ದರೂ ಗಡಿಯ ಈಚೆಗಿನ ನಮಗೆ ಅಂಥ ಮತಪತ್ರ ಕೈಗೆ ಬಂದದ್ದೇ ಇಲ್ಲ.

ರಾಷ್ಟ್ರಪತಿ ಚುನಾವಣೆ ಅಂದೆ. ಹೆಚ್ಚಿನ ಸಲ ಅಲ್ಲಿ ಮೊದಲ ಎಣಿಕೆಯಲ್ಲೇ ತೀರ್ಮಾನ ಆಗಿಬಿಡುತ್ತದೆ, ಎರಡನೆಯ ಪ್ರಾಶಸ್ತ್ಯ ನೋಡುವ ಕೆಲಸವೇ ಬರುವುದಿಲ್ಲ. 1969ರಲ್ಲಿ ಬಂತು. ಆ ಮೇ ತಿಂಗಳಲ್ಲಿ ರಾಷ್ಟ್ರಪತಿಯಾಗಿದ್ದ ಝಾಕಿರ್ ಹುಸೇನ್ ತೀರಿಕೊಂಡರು. ಹೊಸಬರ ಆಯ್ಕೆಗೆ ಹದಿನೈದು ಮಂದಿ ಕಣದಲ್ಲಿ. ಮುಖ್ಯವಾಗಿ ಮೂವರು: ವಿ. ವಿ. ಗಿರಿ, ನೀಲಂ ಸಂಜೀವ ರೆಡ್ಡಿ, ಸಿ. ಡಿ. ದೇಶಮುಖ್. ಗಿರಿಯವರು ಮೊದಲು ಕೇರಳದ ರಾಜ್ಯಪಾಲರಾಗಿದ್ದು ಆಮೇಲೆ ಮೈಸೂರಿನ ರಾಜ್ಯಪಾಲರಾದವರು. ನಮ್ಮ ಎರಡೂ ಕಡೆಯನ್ನು ಕಂಡವರು. ದೇಶಮುಖ್ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್.

ಅಲ್ಲಿ ಒಂದು ಮತ ಅಂದರೆ ಒಂದು ಅಲ್ಲ, ಅದಕ್ಕೊಂದು ಮೌಲ್ಯ ಇರುತ್ತದೆ. ಈಗಿನ ಲೆಕ್ಕದಲ್ಲಿ ಕೇರಳದ ಒಬ್ಬ ಶಾಸಕರ ಮತಕ್ಕೆ 152, ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ 131. 1971ರ ಜನಗಣತಿಯ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಗೆ ಹಂಚಿ, ಅದನ್ನು ಸಾವಿರದಿಂದ ಭಾಗಿಸಿ ಬಂದದ್ದು. ಅಂದರೆ ಮಂಜೇಶ್ವರದ ಶಾಸಕರ ಮತ ಪುತ್ತೂರಿನ ಶಾಸಕರ ಮತಕ್ಕಿಂತ ಸ್ವಲ್ಪ ತೂಕದ್ದು.

1969ರಲ್ಲಿ ಸಿಂಧುವಾದ ಮತಗಳ ಒಟ್ಟು ಮೌಲ್ಯ 8,36,337. ಅದರ ಅರ್ಧಕ್ಕೆ ಒಂದು ಸೇರಿಸಿ, ಗೆಲ್ಲಲು ಬೇಕಾದದ್ದು 4,18,169. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗಿರಿಯವರು ಮುಂದಿದ್ದಾರೆ, ಆದರೆ ಗಡಿ ಮುಟ್ಟಿಲ್ಲ. ಒಬ್ಬೊಬ್ಬರನ್ನೇ ಕೆಳಗಿನಿಂದ ತೆಗೆಯುತ್ತಾ ಬಂದರು. ಕೊನೆಗೆ ದೇಶಮುಖರ ಮತಗಳನ್ನೂ ಹಂಚಿದ ಮೇಲೆ ಗಿರಿ 4,20,077, ರೆಡ್ಡಿ 4,05,427.

ಈ ಅಂಕಿಗಳನ್ನು ಸುಮ್ನೆ ಓದಿ ಬಿಡಬೇಡಿ, ಕಳೆದು ನೋಡಿ. ಹಂಚಿಕೆಯಲ್ಲಿ ರೆಡ್ಡಿಯವರಿಗೆ ಸಿಕ್ಕಿದ್ದು 91,879. ಗಿರಿಯವರಿಗೆ ಬರೀ 18,562. ಅಂದರೆ ಎರಡನೆಯ ಮಾತು ದೊಡ್ಡ ಪಾಲು ರೆಡ್ಡಿಯವರ ಕಡೆಗೇ ಇತ್ತು. ಗಿರಿಯವರಿಗೆ ಸಾಕಾದದ್ದು ಮೊದಲೇ ಇದ್ದ ಮುನ್ನಡೆ. ಇನ್ನೂ ಒಂದು ಇದೆ. ಕೊನೆಯ ಎರಡು ಅಂಕಿ ಕೂಡಿಸಿದರೆ ಒಟ್ಟಿಗಿಂತ 10,833 ಕಡಿಮೆ ಬರುತ್ತದೆ. ಅದೆಲ್ಲಿ ಹೋಯಿತು? ಆ ಮತಪತ್ರಗಳಲ್ಲಿ ಗಿರಿಯವರಿಗೂ ರೆಡ್ಡಿಯವರಿಗೂ ಯಾವ ಅಂಕಿಯೂ ಇರಲಿಲ್ಲ. ಮುಂದೆ ಹೋಗಲು ದಾರಿಯಿಲ್ಲದೆ ಅವು ಅಲ್ಲೇ ನಿಂತವು. ನಮ್ಮಲ್ಲಿ 1 ಬರೆಯುವುದು ಕಡ್ಡಾಯ, ಉಳಿದದ್ದು ಮತದಾರರ ಇಷ್ಟ. ಆಸ್ಟ್ರೇಲಿಯಾದ ಕೆಳಮನೆಗೆ ಮತ ಹಾಕುವವರು ಎಲ್ಲ ಹೆಸರಿಗೂ ಅಂಕಿ ಬರೆಯಲೇಬೇಕು.

ಆಸ್ಟ್ರೇಲಿಯಾದವರು ಈ ಕ್ರಮಕ್ಕೆ ಬಂದ ಕತೆ ನನ್ನ ಯುವಕ ಮಂಡಲದ ಕತೆಯೇ. 1918ರ ಅಕ್ಟೋಬರಿನಲ್ಲಿ ಸ್ವಾನ್ ಎಂಬ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಲೇಬರ್ ಪಕ್ಷಕ್ಕೆ ಎದುರಾದವರ ಮತ ಇಬ್ಬರಿಗೆ ಹಂಚಿಹೋಗಿ, ಲೇಬರಿನ 22 ವರ್ಷದ ಹುಡುಗ ಮೂರನೇ ಒಂದು ಪಾಲು ಮತದಲ್ಲಿ ಗೆದ್ದ. ಸರಕಾರ ಗಾಬರಿಯಾಗಿ ಕಾನೂನು ಬದಲಿಸಿತು. ಡಿಸೆಂಬರಿನಲ್ಲಿ ಕೊರಂಗಮೈಟ್ ಎಂಬಲ್ಲಿ ಹೊಸ ಕ್ರಮದ ಮೊದಲ ಚುನಾವಣೆ. ಅಲ್ಲಿ ಮೊದಲ ಎಣಿಕೆಯಲ್ಲಿ ಮುಂದಿದ್ದ ಜೇಮ್ಸ್ ಸ್ಕಲಿನ್ ಕೊನೆಗೆ ಸೋತರು. ಮುಂದೆ ಅವರೇ ದೇಶದ ಪ್ರಧಾನಿಯಾದರು, ಅದು ಬೇರೆ ಮಾತು. ಐರ್ಲೆಂಡಿನಲ್ಲೂ 1990ರಲ್ಲಿ ಹೀಗಾಯಿತು. ಬ್ರಯಾನ್ ಲೆನಿಹನ್ 6,94,484 ಮತ ಪಡೆದು ಮುಂದಿದ್ದರು, ಮೇರಿ ರಾಬಿನ್ಸನ್ 6,12,265. ಮೂರನೆಯವರ ಮತ ಹಂಚಿದಾಗ ರಾಬಿನ್ಸನ್ 8,17,830ಕ್ಕೆ ಏರಿ ಆ ದೇಶದ ಮೊದಲ ಮಹಿಳಾ ಅಧ್ಯಕ್ಷೆಯಾದರು. ನಮ್ಮ ಪಕ್ಕದ ಶ್ರೀಲಂಕಾದಲ್ಲಿ ಅಧ್ಯಕ್ಷರ ಚುನಾವಣೆಗೆ ಮೂರು ಪ್ರಾಶಸ್ತ್ಯ ಬರೆಯಬಹುದು. ಅಲ್ಲಿ ಮೊದಲ ಇಬ್ಬರನ್ನು ಉಳಿಸಿ ಬಾಕಿ ಎಲ್ಲರನ್ನೂ ಒಂದೇ ಸಲ ತೆಗೆಯುತ್ತಾರೆ. ಇಷ್ಟು ವರ್ಷದಲ್ಲಿ ಎರಡನೆಯ ಎಣಿಕೆ ಬೇಕಾದದ್ದು 2024ರಲ್ಲೇ ಮೊದಲು.

ಹಿಂದಿನ ಬೆಂಚಿನಿಂದ ಅಣ್ಣ ಒಬ್ಬರು ಕೇಳುತ್ತಿದ್ದಾರೆ: "ಮಾಷ್ಟ್ರೇ, ನಾನು 2 ಅಂತ ಬರೆದರೆ ನನ್ನ 1ಕ್ಕೆ ಪೆಟ್ಟು ಬೀಳುವುದಿಲ್ವಾ?" ಒಳ್ಳೆಯ ಪ್ರಶ್ನೆ. ಈ ಕ್ರಮದಲ್ಲಿ ಬೀಳುವುದಿಲ್ಲ. ನಿಮ್ಮ 1 ಕಣದಲ್ಲಿ ಇರುವ ತನಕ ನಿಮ್ಮ 2 ಅನ್ನು ಯಾರೂ ನೋಡುವುದೇ ಇಲ್ಲ. ಈ ಕ್ರಮದ ದೊಡ್ಡ ಗುಣವೇ ಅದು. ಎಲ್ಲ ಕ್ರಮದಲ್ಲೂ ಹಾಗಿಲ್ಲ, ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಬರುತ್ತೇನೆ.

ಆದರೆ ಇದರಲ್ಲೂ ಒಂದು ಗಂಟು ಇದೆ. ಹಲಗೆಗೆ ಮತ್ತೆ ಬನ್ನಿ. ಬಯಲಾಟಕ್ಕೆ 1, ತಾಳಮದ್ದಳೆಗೆ 2, ನಾಟಕಕ್ಕೆ 3 ಬರೆದ 16 ಜನ ಇದ್ದೀರಿ. ನಿಮಗೆ ಕೊನೆಗೆ ಸಿಕ್ಕಿದ್ದು ನಾಟಕ, ನಿಮ್ಮ ಮೂರನೆಯದು. ನಿಮ್ಮಲ್ಲಿ ನಾಲ್ಕೇ ಜನ ತಾಳಮದ್ದಳೆಗೆ 1 ಬರೆದಿದ್ದರೆ ಏನಾಗುತ್ತಿತ್ತು? ಬಯಲಾಟ 14, ನಾಟಕ 15, ತಾಳಮದ್ದಳೆ 16. ಈಗ ಹೊರಗೆ ಹೋಗುವುದು ಬಯಲಾಟ. ಅದರ 14 ಚೀಟಿಯಲ್ಲಿ 12 ತಾಳಮದ್ದಳೆಗೆ, 2 ನಾಟಕಕ್ಕೆ. ತಾಳಮದ್ದಳೆ 28, ನಾಟಕ 17. ನಿಮ್ಮ ಎರಡನೆಯದಾದರೂ ನಿಮಗೆ ಸಿಗುತ್ತಿತ್ತು. ಅಂದರೆ ಮನಸ್ಸಿನಲ್ಲಿ ಇದ್ದದ್ದನ್ನು ಪ್ರಾಮಾಣಿಕವಾಗಿ ಬರೆದದ್ದಕ್ಕೇ ನಿಮಗೆ ಬೇಡವಾದದ್ದು ಬಂತು. ಇದು ನನಗೆ ಹಿಡಿಸುವುದಿಲ್ಲ.

ಇದು ಹಲಗೆಯ ಮೇಲಿನ ಆಟ ಮಾತ್ರ ಅಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಬರ್ಲಿಂಗ್ಟನ್ ಎಂಬ ಊರಿದೆ. 2009ರ ಅಲ್ಲಿನ ಮೇಯರ್ ಚುನಾವಣೆ. ಮೊದಲ ಪ್ರಾಶಸ್ತ್ಯ ಕರ್ಟ್ ರೈಟ್ ಅವರಿಗೆ 2,951, ಬಾಬ್ ಕಿಸ್ ಅವರಿಗೆ 2,585, ಆಂಡಿ ಮಾಂಟ್ರೋಲ್ ಅವರಿಗೆ 2,063. ಕೊನೆಯ ಸುತ್ತಿನಲ್ಲಿ ಕಿಸ್ 4,313, ರೈಟ್ 4,061. ಕಿಸ್ ಗೆದ್ದರು. ಆಮೇಲೆ ಎಲ್ಲ ಮತಪತ್ರಗಳನ್ನು ಇಬ್ಬಿಬ್ಬರ ನಡುವೆ ಇಟ್ಟು ನೋಡಿದರೆ, ಮಾಂಟ್ರೋಲ್ ಅವರು ಕಿಸ್ ಅವರನ್ನೂ ಸೋಲಿಸುತ್ತಿದ್ದರು, ರೈಟ್ ಅವರನ್ನೂ ಸೋಲಿಸುತ್ತಿದ್ದರು. ಯಾರ ಎದುರು ನಿಂತರೂ ಗೆಲ್ಲಬಲ್ಲವರು ಕೊನೆಯ ಸುತ್ತಿಗೇ ಬರಲಿಲ್ಲ. ಮರುವರ್ಷ ಊರಿನವರು ಆ ಕ್ರಮವನ್ನೇ ರದ್ದು ಮಾಡಿದರು. ಎಷ್ಟೋ ವರ್ಷದ ಮೇಲೆ ಮತ್ತೆ ತಂದರು.

ಇಬ್ಬಿಬ್ಬರ ನಡುವೆ ಇಟ್ಟು ನೋಡುವುದು ಅಂದೆ. ಅದೇ ಮೂರನೆಯ ಕ್ರಮ. ಕಬಡ್ಡಿಯಲ್ಲೋ ವಾಲಿಬಾಲಿನಲ್ಲೋ ಲೀಗ್ ಆಡಿಸುತ್ತಾರಲ್ಲ, ಪ್ರತಿಯೊಂದು ತಂಡಕ್ಕೂ ಉಳಿದ ಎಲ್ಲ ತಂಡಗಳ ಜೊತೆ ಪಂದ್ಯ. ಹಾಗೆ. ತಾಳಮದ್ದಳೆಯನ್ನೂ ಬಯಲಾಟವನ್ನೂ ಎದುರು ಬದುರು ನಿಲ್ಲಿಸಿ. ಪ್ರತಿ ಚೀಟಿಯಲ್ಲಿ ಯಾವುದು ಮೇಲಿದೆ ಎಂದಷ್ಟೇ ನೋಡಿ. ತಾಳಮದ್ದಳೆ ಮೇಲಿರುವ ಚೀಟಿ 25, ಬಯಲಾಟ ಮೇಲಿರುವುದು 20. ತಾಳಮದ್ದಳೆ ಮತ್ತು ನಾಟಕ: 28ಕ್ಕೆ 17. ಎರಡು ಪಂದ್ಯವನ್ನೂ ತಾಳಮದ್ದಳೆ ಗೆದ್ದಿತು. ಮೊದಲ ಕ್ರಮದಲ್ಲಿ ಕೊನೆಯ ಸ್ಥಾನ, ಎರಡನೆಯದರಲ್ಲಿ ಮೊದಲು ಹೊರಬಿದ್ದದ್ದು, ಈಗ ಎಲ್ಲರನ್ನೂ ಸೋಲಿಸಿದ್ದು.

ಈ ಎಣಿಕೆಗೆ ಫ್ರಾನ್ಸಿನ ಕೊಂಡೋರ್ಸೆ ಅವರ ಹೆಸರು ಅಂಟಿಕೊಂಡಿದೆ. ಅವರು ಇದನ್ನು ಬರೆದು ಪ್ರಕಟಿಸಿದ್ದು 1785ರಲ್ಲಿ. ಗಣಿತ ಬಲ್ಲವರು, ಹೆಂಗಸರಿಗೂ ಮತ ಬೇಕು ಎಂದು ಆ ಕಾಲದಲ್ಲೇ ವಾದಿಸಿದವರು. ಕ್ರಾಂತಿಯ ಗಲಾಟೆಯಲ್ಲಿ 1794ರಲ್ಲಿ ಸೆರೆಮನೆಯಲ್ಲಿ ತೀರಿಕೊಂಡರು. ಅವರಿಗಿಂತ ಸುಮಾರು ಐನೂರು ವರ್ಷ ಮೊದಲೇ ರಾಮೊನ್ ಲುಲ್ ಎಂಬ ಕ್ಯಾಟಲಾನ್ ಪಂಡಿತರು ಮಠದ ಚುನಾವಣೆಗೆ ಇಂಥದ್ದೇ ಜೋಡಿ ಎಣಿಕೆ ಬರೆದಿಟ್ಟಿದ್ದರು.

ಕೊಂಡೋರ್ಸೆ ಅವರೇ ಇದರ ತೊಡಕನ್ನೂ ಕಂಡರು. ನಮ್ಮ ಮನೆಯ ಉದಾಹರಣೆಯಲ್ಲೇ ಹೇಳುತ್ತೇನೆ. ಒಂದು ಭಾನುವಾರ ಎಲ್ಲಿಗೆ ಹೋಗುವುದು ಎಂದು ಚರ್ಚೆ. ಅಮ್ಮನಿಗೆ ಮೊದಲು ಅನಂತಪುರದ ದೇವಸ್ಥಾನ, ಆಮೇಲೆ ಬೇಕಲ ಕೋಟೆ, ಕೊನೆಗೆ ಪೊಸಡಿ ಗುಂಪೆ. ಗುಡ್ಡ ಹತ್ತಲು ಅವರಿಗೆ ಕಾಲು ನೋವು. ಮಗನಿಗೆ ಬೇಕಲ, ಪೊಸಡಿ ಗುಂಪೆ, ಅನಂತಪುರ. ಮಗಳಿಗೆ ಪೊಸಡಿ ಗುಂಪೆ, ಅನಂತಪುರ, ಬೇಕಲ. ಈಗ ಜೋಡಿ ಮಾಡಿ. ಅನಂತಪುರವೋ ಬೇಕಲವೋ? ಅಮ್ಮ ಮತ್ತು ಮಗಳು ಅನಂತಪುರ ಅಂದರು. ಬೇಕಲವೋ ಪೊಸಡಿ ಗುಂಪೆಯೋ? ಅಮ್ಮ ಮತ್ತು ಮಗ ಬೇಕಲ ಅಂದರು. ಹಾಗಾದರೆ ಅನಂತಪುರ ಎಲ್ಲಕ್ಕಿಂತ ಮೇಲೆ ಇರಬೇಕಲ್ವಾ? ಪೊಸಡಿ ಗುಂಪೆಯ ಎದುರು ಇಟ್ಟು ನೋಡಿದರೆ ಮಗ, ಮಗಳು ಇಬ್ಬರೂ ಪೊಸಡಿ ಗುಂಪೆ! ಒಂದೊಂದೂ ಇನ್ನೊಂದನ್ನು ಸೋಲಿಸುತ್ತದೆ, ಸುತ್ತು ಮುಗಿಯುವುದೇ ಇಲ್ಲ. ಮೂವರಲ್ಲಿ ಯಾರ ತಲೆಯಲ್ಲೂ ಗೊಂದಲ ಇಲ್ಲ. ಮೂವರನ್ನು ಸೇರಿಸಿದಾಗ ಮಾತ್ರ ಗೊಂದಲ. ಇಂಥ ಸುತ್ತು ಬಂದಾಗ ಏನು ಮಾಡುವುದು ಎಂಬುದಕ್ಕೆ ಬೇರೆ ಬೇರೆ ಜಾಣರು ಬೇರೆ ಬೇರೆ ಉಪಾಯ ಹೇಳಿದ್ದಾರೆ. ಅಂತರ ಅತಿ ಕಡಿಮೆ ಇರುವ ಸೋಲನ್ನು ಬಿಟ್ಟುಬಿಡುವುದು ಅದರಲ್ಲಿ ಒಂದು.

ನಾಲ್ಕನೆಯದು ಅಂಕದ ಕ್ರಮ. ಕೊಂಡೋರ್ಸೆ ಅವರ ಕಾಲದವರೇ ಆದ ಬೋರ್ದಾ, ನೌಕಾಪಡೆಯಲ್ಲಿ ಇದ್ದವರು, 1770ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಇಟ್ಟದ್ದು. ಮೂರು ಹೆಸರಿದ್ದರೆ 1ಕ್ಕೆ ಎರಡು ಅಂಕ, 2ಕ್ಕೆ ಒಂದು, 3ಕ್ಕೆ ಸೊನ್ನೆ. ನಮ್ಮ ಚೀಟಿಯಲ್ಲಿ ಬಯಲಾಟಕ್ಕೆ 42, ನಾಟಕಕ್ಕೆ 40, ತಾಳಮದ್ದಳೆಗೆ 53. ಇಲ್ಲೂ ತಾಳಮದ್ದಳೆಯೇ.

ಇದು ಎಲ್ಲಿ ನಡೆಯುತ್ತದೆ ಗೊತ್ತಾ? ಯುರೋಪಿನ ಸ್ಲೊವೇನಿಯಾದಲ್ಲಿ. ಅಲ್ಲಿನ ಸಂಸತ್ತಿನಲ್ಲಿ 90 ಜನ. ಅದರಲ್ಲಿ ಎರಡು ಸ್ಥಾನ ಗಡಿಯ ಎರಡು ಸಣ್ಣ ಸಮುದಾಯಗಳಿಗೆ ಮೀಸಲು. ಒಂದು ಇಟಾಲಿಯನ್ ಜನರಿಗೆ, ಒಂದು ಹಂಗೇರಿಯನ್ ಜನರಿಗೆ. ಆ ಇಬ್ಬರನ್ನು ಆರಿಸುವುದು ಈ ಅಂಕದ ಕ್ರಮದಲ್ಲಿ. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮಡಚಿಟ್ಟು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. 1956ರ ನವೆಂಬರ್ 1ರಿಂದ ನಾವೂ ಗಡಿಯ ಭಾಷಾ ಅಲ್ಪಸಂಖ್ಯಾತರು. ಸಣ್ಣ ಸಮುದಾಯಕ್ಕೆ ಇರುವುದು ಒಂದೇ ಸ್ಥಾನ ಆದಾಗ, ಒಂದು ಗುಂಪಿಗೆ ತುಂಬಾ ಬೇಕಾಗಿ ಉಳಿದವರಿಗೆ ಬೇಡವಾದವರಿಗಿಂತ, ಹೆಚ್ಚಿನವರಿಗೆ ಒಪ್ಪಿಗೆಯಾಗುವವರು ಬರಲಿ ಎಂಬುದು ಅಂಕದ ಕ್ರಮದಿಂದ ಬರುವ ಲಾಭ.

ಆದರೆ ಅಣ್ಣ ಆಗ ಕೇಳಿದ ಪೆಟ್ಟು ಇಲ್ಲಿ ಬೀಳುತ್ತದೆ. ನೀವು ತಾಳಮದ್ದಳೆಗೆ 2 ಕೊಟ್ಟರೆ ಅದಕ್ಕೆ ಒಂದು ಅಂಕ ಹೋಯಿತು, ನಿಮ್ಮ ಬಯಲಾಟದ ಎದುರೇ ಹೋಯಿತು. ಹಾಗಾಗಿ ಕೆಲವರಿಗೆ ಒಂದು ಆಸೆ ಹುಟ್ಟುತ್ತದೆ: ಗೆಲ್ಲಬಹುದಾದ ಎದುರಾಳಿಯನ್ನು ಬೇಕೆಂದೇ ಕೊನೆಗೆ ತಳ್ಳುವುದು. ಬಯಲಾಟದ ಆ 16 ಜನ ಒಟ್ಟಾಗಿ ತಾಳಮದ್ದಳೆಯನ್ನು 3ಕ್ಕೆ ಇಳಿಸಿ ನಾಟಕವನ್ನು 2ಕ್ಕೆ ಏರಿಸಿದರು ಅಂತ ಇಟ್ಟುಕೊಳ್ಳಿ. ತಾಳಮದ್ದಳೆ 37ಕ್ಕೆ ಇಳಿಯಿತು. ಬಯಲಾಟ ಇದ್ದಲ್ಲೇ, 42. ನಾಟಕ? 40ಕ್ಕೆ 16 ಸೇರಿ 56. ಅವರಿಗೆ ಎಲ್ಲಕ್ಕಿಂತ ಬೇಡವಾದ ನಾಟಕವೇ ಗೆದ್ದಿತು. ನಾಟಕದವರೂ ಅದೇ ಉಪಾಯ ಮಾಡಿ ಬಯಲಾಟವನ್ನು 2ಕ್ಕೆ ಏರಿಸಿದರೆ ಬಯಲಾಟ 55, ನಾಟಕ 56, ತಾಳಮದ್ದಳೆ 24. ಎಲ್ಲರೂ ಒಪ್ಪುತ್ತಿದ್ದ ತಾಳಮದ್ದಳೆ ಪಾತಾಳಕ್ಕೆ ಹೋಯಿತು.

ಹಾಗಾದರೆ ಒಂದೂ ತಪ್ಪಿಲ್ಲದ ಕ್ರಮ ಇಲ್ವಾ ಎಂದು ನೀವು ಕೇಳುತ್ತೀರಿ. ಇಲ್ಲ. ಇದನ್ನು ಗಣಿತದಲ್ಲೇ ತೋರಿಸಿದ್ದಾರೆ. ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರಲ್ಲಿ ಪ್ರಕಟಿಸಿದ ಫಲ ಇದು: ಮೂರು ಅಥವಾ ಹೆಚ್ಚು ಆಯ್ಕೆ ಇದ್ದು ಜನ ಕ್ರಮವಾಗಿ ಅಂಕಿ ಬರೆದರೆ, ನಾವು ನ್ಯಾಯ ಎಂದು ಸಹಜವಾಗಿ ಕೇಳುವ ಕೆಲವು ಸಣ್ಣ ಸಣ್ಣ ನಿಯಮಗಳನ್ನೆಲ್ಲ ಒಟ್ಟಿಗೆ ಪಾಲಿಸುವ ಎಣಿಕೆ ಇರಲು ಸಾಧ್ಯವಿಲ್ಲ. 1970ರ ದಶಕದಲ್ಲಿ ಗಿಬಾರ್ಡ್ ಮತ್ತು ಸ್ಯಾಟರ್‌ತ್ವೇಟ್ ಇನ್ನೊಂದು ತೋರಿಸಿದರು. ಮೂರು ಅಥವಾ ಹೆಚ್ಚು ಮಂದಿ ಗೆಲ್ಲಲು ಸಾಧ್ಯವಿದ್ದು ಒಬ್ಬನ ಮಾತೇ ಕೊನೆಯ ಮಾತಲ್ಲದಿದ್ದರೆ, ಮನಸ್ಸಿನದ್ದನ್ನು ಬಿಟ್ಟು ಬೇರೆ ಬರೆದರೆ ಲಾಭ ಆಗುವ ಸಂದರ್ಭ ಯಾವುದೇ ಕ್ರಮದಲ್ಲೂ ಎಲ್ಲಾದರೊಂದು ಕಡೆ ಇದ್ದೇ ಇರುತ್ತದೆ.

ಇದನ್ನು ಕೇಳಿ "ಎಲ್ಲವೂ ಒಂದೇ, ಈಗಿನದ್ದೇ ಇರಲಿ" ಅನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಎಲ್ಲ ಕೊಡೆಯೂ ಸ್ವಲ್ಪ ಸೋರುತ್ತದೆ ಎಂದು ಆಟಿಯ ಮಳೆಗೆ ಕೊಡೆ ಇಲ್ಲದೆ ಹೊರಡುತ್ತೇವಾ? 1 ಅನ್ನು ಮಾತ್ರ ಕೇಳುವ ಕ್ರಮ ಜನರಿಂದ ಅತಿ ಕಡಿಮೆ ಕೇಳುತ್ತದೆ. ಒಬ್ಬರೇ ಗೆಲ್ಲಬೇಕಾದ ಕಡೆ, ಉಳಿದ ಪ್ರತಿಯೊಬ್ಬರನ್ನೂ ನೇರ ಪಂದ್ಯದಲ್ಲಿ ಸೋಲಿಸುವವರು ಒಬ್ಬರು ಇದ್ದರೆ ಅವರೇ ಗೆಲ್ಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸುತ್ತು ಬಿದ್ದಾಗ ಏನು ಎಂಬುದನ್ನು ಮೊದಲೇ ಬರೆದಿಡಬೇಕು. ಅಷ್ಟು ದೂರ ಹೋಗಲು ಆಗದಿದ್ದರೆ ರಾಷ್ಟ್ರಪತಿ ಚುನಾವಣೆಯ ಕ್ರಮವಾದರೂ ಸಾಕು. ಶಾಸಕರಿಗೂ ಸಂಸದರಿಗೂ ಎರಡನೆಯ ಮಾತು ಹೇಳುವ ಅವಕಾಶ ಕೊಟ್ಟ ಸಂವಿಧಾನ ಇದು. ಆ ಶಾಸಕರನ್ನು ಆರಿಸುವ ನಮಗೂ ಅದು ಸಿಗಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ?

ಕಷ್ಟಗಳಿವೆ, ಮುಚ್ಚಿಡುವುದಿಲ್ಲ. ಈಗಿನ ಮತಯಂತ್ರ ಒಂದು ಗುಂಡಿ ಒತ್ತಿದರೆ ಒಂದು ಮತ ಎಂದು ಲೆಕ್ಕ ಇಡುವಂಥದ್ದು. ರಾಷ್ಟ್ರಪತಿ ಚುನಾವಣೆಗೆ ಈಗಲೂ ಕಾಗದದ ಮತಪತ್ರ ಬಳಸುವುದು ಅದಕ್ಕೇ. ಒಂದು ವಿಧಾನಸಭಾ ಕ್ಷೇತ್ರದ ಒಂದೂವರೆ ಲಕ್ಷ ಕಾಗದವನ್ನು ರಾಶಿಯಿಂದ ರಾಶಿಗೆ ಹಾಕುತ್ತಾ ಎಣಿಸುವುದು ಸಣ್ಣ ಕೆಲಸವಲ್ಲ. ಅಂಕಿ ಬರೆಯಲು ಬಾರದ ಅಜ್ಜ ಅಜ್ಜಿಯರ ಪ್ರಶ್ನೆಯೂ ಇದೆ. ಇವಕ್ಕೆಲ್ಲ ದಾರಿ ಹುಡುಕಬೇಕು. ಆದರೆ ನಮ್ಮ ಸಂಘ, ಯುವಕ ಮಂಡಲ, ಕ್ಲಬ್ಬುಗಳಲ್ಲಿ ಕೈಯಿಂದ ಎಣಿಸುವ 50, 100 ಚೀಟಿಗೆ ಯಾವ ಅಡ್ಡಿ ಇದೆ? ಇಬ್ಬರು ಮಕ್ಕಳು ಚಾ ಆರುವ ಮೊದಲು ಎಣಿಸಿ ಮುಗಿಸಿದ್ದಾರೆ.

ಮುಂದಿನ ಸಾಲಿನ ಅಕ್ಕ ಕೇಳುತ್ತಿದ್ದಾರೆ, ಹಾಗಾದರೆ ವಾರ್ಷಿಕೋತ್ಸವಕ್ಕೆ ತಾಳಮದ್ದಳೆ ಅಂತ ಬರೆದುಕೊಳ್ಳಲಾ ಎಂದು. ಬೇಡ ಅಕ್ಕ. ನನ್ನ ಮನಸ್ಸು ತಾಳಮದ್ದಳೆಗೇ ಇದೆ, ಅದಕ್ಕೇ ಬೇಡ ಅನ್ನುತ್ತೇನೆ. ಚೀಟಿ ಕೊಡುವಾಗ ಯಾವ ಕ್ರಮದಲ್ಲಿ ಎಣಿಸುತ್ತೇವೆ ಎಂದು ನಾವು ನಿಮಗೆ ಹೇಳಿರಲಿಲ್ಲ. ಎಣಿಸಿ ನೋಡಿದ ಮೇಲೆ ಕ್ರಮ ಆರಿಸಿದರೆ, ಬಯಲಾಟ ಬೇಕಾದವರು ಮೊದಲನೆಯದು ಸರಿ ಅನ್ನುತ್ತಾರೆ, ನಾಟಕ ಬೇಕಾದವರು ಎರಡನೆಯದು ಸರಿ ಅನ್ನುತ್ತಾರೆ. ಈ 45 ಚೀಟಿ ಕಲಿಯಲಿಕ್ಕೆ ಮಾತ್ರ. ಸಮಿತಿಯವರು ಈ ವಾರ ಕೂತು ಕ್ರಮ ಯಾವುದು, ಸಮ ಬಂದರೆ ಏನು, ಸುತ್ತು ಬಿದ್ದರೆ ಏನು ಎಂದು ಒಂದು ಹಾಳೆಯಲ್ಲಿ ಬರೆದು ಹೊರಗಿನ ಫಲಕಕ್ಕೆ ಅಂಟಿಸಲಿ. ಬರುವ ಭಾನುವಾರ ಮತ್ತೆ ಚೀಟಿ ಕೊಡುತ್ತೇವೆ. ಪೆನ್ಸಿಲಿನಲ್ಲಿ ಕನ್ನಡ ಅಂಕಿ ಬರೆದವರು ಯಾರೋ, ಅವರೂ ತಪ್ಪದೆ ಬನ್ನಿ.